ತೇರ್ ಗ್ರಾಮದ ಇಟ್ಟಿಗೆ ಏಕೆ ತೇಲಿತು?

ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಸ್ಥಾಪಕರನ್ನೂ ದಾನಿಗಳನ್ನೂ ಗುರುಪರಂಪರೆಯನ್ನೂ ನೆನೆಯುವುದು ಉಚಿತವಾದ ಸಂಪ್ರದಾಯ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಆ ಕಾರ್ಯ ನಡೆದಿದೆ. ನಾವು ಇಲ್ಲಿ ನೆನೆಯಲು ಹೊರಟಿರುವುದು ಒಂದು ಪ್ರಶ್ನೆಯನ್ನು. ಈ ನೂರು ವರ್ಷಗಳಲ್ಲಿ ಪಠ್ಯಪುಸ್ತಕಗಳು ಬದಲಾದವು, ಪರೀಕ್ಷೆಯ ಪದ್ಧತಿ ಬದಲಾಯಿತು, ಪಾಟಿ-ಬಳಪಗಳ ಜಾಗಕ್ಕೆ ವಹಿ-ಲೇಖನಿಗಳು ಬಂದವು. ಆದರೆ ವಿಜ್ಞಾನದ ತರಗತಿಯಲ್ಲಿ ಒಂದು ಪ್ರಶ್ನೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಸಾಗಿ ಬಂದಿದೆ: ಕೆಲವು ವಸ್ತುಗಳು ನೀರಿನಲ್ಲಿ ಮುಳುಗುತ್ತವೆ, ಕೆಲವು ತೇಲುತ್ತವೆ, ಏಕೆ?

ಇದರ ಉತ್ತರವನ್ನು ಎರಡು ಸಾಲುಗಳಲ್ಲಿ ಕಂಠಪಾಠ ಮಾಡಿಸಿ, ಬರೆಸಿ, ಅಂಕ ಕೊಡುವುದು ಸುಲಭ. ಆದರೆ ಆ ಎರಡು ಸಾಲುಗಳು ಮನುಷ್ಯರ ತಿಳಿವಳಿಕೆಯಲ್ಲಿ ನೆಲೆಗೊಳ್ಳಲು ಸುಮಾರು ಎರಡು ಸಾವಿರ ವರ್ಷಗಳು ಹಿಡಿದವು. ಆ ದೀರ್ಘ ಇತಿಹಾಸದ ಒಂದು ಕವಲು ಗ್ರೀಸ್ ಅಥವಾ ಇಟಲಿಯಲ್ಲಿ ಮಾತ್ರ ಹರಿಯದೆ, ನಮ್ಮ ಬೋರಾಮಣಿಯಿಂದ ಅರ್ಧ ದಿನದ ಬಸ್ ಪ್ರಯಾಣದಷ್ಟು ಸಮೀಪದಲ್ಲಿಯೂ ಹರಿದಿದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕೆಂಬುದು ಈ ಲೇಖನದ ಆಶಯ.

ತಗರವೆಂಬ ನಗರ

ಬೋರಾಮಣಿಯಿಂದ ಉತ್ತರಕ್ಕೆ ತುಳಜಾಪುರ, ಧಾರಾಶಿವಗಳನ್ನು ದಾಟಿ ಮುಂದೆ ಹೋದರೆ ತೇರಣಾ ನದಿಯ ದಡದಲ್ಲಿ ತೇರ್ ಎಂಬ ಗ್ರಾಮ ಸಿಗುತ್ತದೆ. ಇಂದು ನೋಡುವವರಿಗೆ ಅದು ಸಾಧಾರಣ ಹಳ್ಳಿ. ಎರಡು ಸಾವಿರ ವರ್ಷಗಳ ಹಿಂದೆ ಅದು ತಗರವೆಂಬ ಮಹಾನಗರ. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ನೌಕಾಯಾನದ ಕೈಪಿಡಿ ಈ ನಗರವನ್ನು ಹೆಸರಿಸುತ್ತದೆ. ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ದಾರಿಯಲ್ಲಿ ತಗರವಿದೆಯೆಂದೂ, ಅಲ್ಲಿಂದ ಬಗೆಬಗೆಯ ಹತ್ತಿಯ ಬಟ್ಟೆಗಳು ಬಂಡಿಗಳ ಮೇಲೆ ಭರೂಚ್ ಬಂದರಿಗೆ ಸಾಗುತ್ತವೆಂದೂ ಅದರ ಕರ್ತೃ ಬರೆದಿದ್ದಾನೆ. ಎರಡನೆಯ ಶತಮಾನದ ಭೂಗೋಳಕಾರ ಟಾಲೆಮಿಯೂ ತಗರವನ್ನು ಉಲ್ಲೇಖಿಸಿದ್ದಾನೆ. ನಮ್ಮ ಸೀಮೆಯ ನೂಲು ಅಂದು ಭರೂಚ್ ಬಂದರಿನಿಂದ ಹಡಗನ್ನೇರಿ, ಕಡಲ ಮೇಲೆ ತೇಲಿ, ರೋಮನ್ ಸಾಮ್ರಾಜ್ಯವನ್ನು ತಲುಪುತ್ತಿತ್ತು.

ಕನ್ನಡಿಗರಿಗೆ ಈ ಹೆಸರು ಇನ್ನೊಂದು ದಾರಿಯಿಂದಲೂ ಪರಿಚಿತ. ಶಿಲಾಹಾರ ಅರಸರು ತಮ್ಮ ಶಾಸನಗಳಲ್ಲಿ ‘ತಗರಪುರವರಾಧೀಶ್ವರ’ ಎಂದು ಕರೆದುಕೊಂಡರು. ಆಳುತ್ತಿದ್ದ ನೆಲ ಬೇರೆಯಾದರೂ ತಮ್ಮ ಮೂಲ ತಗರವೆಂಬ ಹೆಮ್ಮೆಯನ್ನು ಅವರು ಬಿಡಲಿಲ್ಲ. ಈ ತಗರ ಎಲ್ಲಿದೆಯೆಂಬ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ಭಿನ್ನಾಭಿಪ್ರಾಯವಿತ್ತು. ದೌಲತಾಬಾದ್, ಜುನ್ನರ್ ಮೊದಲಾದ ಊರುಗಳ ಹೆಸರುಗಳು ಬಂದುಹೋದವು. ಕನ್ನಡ ನಾಡಿನ ರಾಜವಂಶಗಳ ಇತಿಹಾಸವನ್ನು ಬರೆದ, ಕನ್ನಡ ಶಾಸನಗಳ ಅಧ್ಯಯನದಲ್ಲಿ ದುಡಿದ ಜಾನ್ ಫೇತ್‌ಫುಲ್ ಫ್ಲೀಟ್ ಅವರು 1901ರಲ್ಲಿ ತಗರವೆಂದರೆ ತೇರ್ ಗ್ರಾಮವೇ ಎಂದು ನಿರೂಪಿಸಿದರು. ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸ್ ಅವರು ಅದೇ ಕಾಲದಲ್ಲಿ ಅಲ್ಲಿನ ಅವಶೇಷಗಳನ್ನು ಪರಿಶೀಲಿಸಿ ವರದಿ ಬರೆದರು. ಮುಂದೆ ನಡೆದ ಉತ್ಖನನಗಳಲ್ಲಿ ರೋಮನ್ ವ್ಯಾಪಾರದ ಕುರುಹುಗಳೂ ದೊರೆತವು.

ತೇರ್ ಗ್ರಾಮದಲ್ಲಿ ಇಂದಿಗೂ ತ್ರಿವಿಕ್ರಮ ದೇವಾಲಯವಿದೆ. ಹಿಂಭಾಗ ಆನೆಯ ಬೆನ್ನಿನಂತೆ ದುಂಡಾಗಿರುವ ಗಜಪೃಷ್ಠಾಕಾರದ ಈ ಕಟ್ಟಡ ಮೊದಲು ಬೌದ್ಧ ಚೈತ್ಯವಾಗಿತ್ತೆಂಬುದು ವಿದ್ವಾಂಸರ ಅಭಿಪ್ರಾಯ. ಇನ್ನೊಂದು ಉತ್ತರೇಶ್ವರ ದೇವಾಲಯ. ಎರಡೂ ಇಟ್ಟಿಗೆಯ ಕಟ್ಟಡಗಳು. ಈ ಊರಿನ ಪ್ರಾಚೀನ ಇಟ್ಟಿಗೆಗಳಿಗೆ ಒಂದು ವಿಶೇಷವಿದೆ: ಅವು ನೀರಿಗೆ ಹಾಕಿದರೆ ತೇಲುವಷ್ಟು ಹಗುರ.

ಪವಾಡವೋ ಲೆಕ್ಕವೋ

ತೇಲುವ ಇಟ್ಟಿಗೆಯನ್ನು ಕಂಡವರು ಕೈಮುಗಿಯುವುದು ಸಹಜ. ಕೈಮುಗಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಇದು ದೈವಲೀಲೆ’ ಎಂದು ಹೇಳಿ ಮಾತನ್ನು ಅಲ್ಲಿಗೇ ಮುಗಿಸಿದರೆ, ಆ ಇಟ್ಟಿಗೆಯನ್ನು ಮಾಡಿದ ಕೈಗಳನ್ನು ನಾವು ಮರೆತಂತಾಗುತ್ತದೆ. ಮಣ್ಣನ್ನು ಆರಿಸಿದವನು, ಹದಮಾಡಿದವನು, ಸುಟ್ಟವನು ಒಬ್ಬ ಮನುಷ್ಯ. ಆತನಿಗೆ ತನ್ನ ಕೆಲಸ ಗೊತ್ತಿತ್ತು.

ಆ ಕೆಲಸದ ಗುಟ್ಟು ಇಷ್ಟು. ಜೇಡಿಮಣ್ಣಿನಲ್ಲಿ ಭತ್ತದ ಹೊಟ್ಟಿನಂತಹ, ಬೆಂಕಿಯಲ್ಲಿ ಉರಿದುಹೋಗುವ ಪದಾರ್ಥವನ್ನು ಬೆರೆಸಿ ಇಟ್ಟಿಗೆ ಮಾಡಿ ಸುಟ್ಟರೆ, ಹೊಟ್ಟು ಸುಟ್ಟು ಬೂದಿಯಾಗಿ, ಅದು ಇದ್ದ ಜಾಗದಲ್ಲೆಲ್ಲ ಸಣ್ಣ ಸಣ್ಣ ಪೊಳ್ಳುಗಳು ಉಳಿಯುತ್ತವೆ. ಇಟ್ಟಿಗೆಯ ಆಕಾರ ಅಷ್ಟೇ ಇರುತ್ತದೆ; ಅದರೊಳಗಿನ ಮಣ್ಣು ಕಡಿಮೆಯಾಗಿರುತ್ತದೆ, ಗಾಳಿ ಹೆಚ್ಚಾಗಿರುತ್ತದೆ.

ಎಷ್ಟು ಪೊಳ್ಳಿದ್ದರೆ ಇಟ್ಟಿಗೆ ತೇಲೀತು? ಇದನ್ನು ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ಒಂದು ಘನ ಸೆಂಟಿಮೀಟರು ನೀರು ಒಂದು ಗ್ರಾಮ್ ತೂಗುತ್ತದೆ. ಪೊಳ್ಳಿಲ್ಲದ ಸುಟ್ಟ ಮಣ್ಣು ಅಷ್ಟೇ ಜಾಗದಲ್ಲಿ ಸುಮಾರು 2.6 ಗ್ರಾಮ್ ತೂಗುತ್ತದೆ. ನಾವು ಮನೆ ಕಟ್ಟಲು ಬಳಸುವ ಸಾಮಾನ್ಯ ಇಟ್ಟಿಗೆಯಲ್ಲೂ ಸ್ವಲ್ಪ ಪೊಳ್ಳಿರುವುದರಿಂದ ಅದು ಒಂದೂವರೆಯಿಂದ ಎರಡು ಗ್ರಾಮಿನೊಳಗೆ ತೂಗುತ್ತದೆ, ಆದ್ದರಿಂದ ಮುಳುಗುತ್ತದೆ. ಇಟ್ಟಿಗೆಯ ನೂರು ಪಾಲುಗಳಲ್ಲಿ ಅರವತ್ತೆರಡು ಪಾಲಿನಷ್ಟು ಪೊಳ್ಳಾಗಿ, ಮಣ್ಣು ಮೂವತ್ತೆಂಟು ಪಾಲಿಗೆ ಇಳಿದರೆ, ಇಡೀ ಇಟ್ಟಿಗೆಯ ತೂಕ ಅಷ್ಟೇ ಗಾತ್ರದ ನೀರಿನ ತೂಕಕ್ಕಿಂತ ಕಡಿಮೆಯಾಗುತ್ತದೆ. ಆಗ ಅದು ತೇಲುತ್ತದೆ. ಪೊಳ್ಳುಗಳೊಳಗೆ ನೀರು ನುಗ್ಗದಿರುವವರೆಗೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ನೀರು ತುಂಬಿಕೊಂಡರೆ ಅದೇ ಇಟ್ಟಿಗೆ ಮುಳುಗುತ್ತದೆ.

ಇದಕ್ಕೆ ಪ್ರತಿಯಾಗಿ ನಮ್ಮ ಊರಿನ ಕಲ್ಲನ್ನು ನೋಡೋಣ. ಬೋರಾಮಣಿ ನಿಂತಿರುವುದು ದಖ್ಖನ್ನಿನ ಲಾವಾ ಶಿಲೆಯ ಮೇಲೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ತಣಿಯುವಾಗ ಅದರೊಳಗಿನ ಅನಿಲದ ಗುಳ್ಳೆಗಳು ಹಲವೆಡೆ ರಂಧ್ರಗಳಾಗಿ ಉಳಿದಿವೆ. ಬಾವಿ ತೋಡುವಾಗ ಮೇಲೆ ಬರುವ ಕಲ್ಲುಗಳಲ್ಲಿ ಇಂತಹ ರಂಧ್ರಗಳನ್ನು ಮಕ್ಕಳು ಕಂಡಿರುತ್ತಾರೆ. ಆದರೂ ಆ ಕಲ್ಲು ಬಾವಿಯ ತಳವನ್ನೇ ಸೇರುತ್ತದೆ; ಏಕೆಂದರೆ ಅದರ ಪೊಳ್ಳು ಸಾಲದು. ಅದೇ ಲಾವಾ ಜಾತಿಯ ಪ್ಯೂಮಿಸ್ ಎಂಬ ನೊರೆಗಲ್ಲು ತೇಲುತ್ತದೆ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಹೊರಬಂದ ನೊರೆಗಲ್ಲುಗಳು ತೆಪ್ಪಗಳಂತೆ ಗುಂಪುಗೂಡಿ ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕದ ದಡವನ್ನು ಮುಟ್ಟಿದವು. ‘ಕಲ್ಲು ಮುಳುಗುತ್ತದೆ’ ಎಂಬುದು ವಸ್ತುವಿನ ಹೆಸರನ್ನು ನೋಡಿ ಹೇಳುವ ಮಾತು. ಹೆಸರು ಏನನ್ನೂ ನಿರ್ಧರಿಸುವುದಿಲ್ಲ. ಗಾತ್ರಕ್ಕೂ ತೂಕಕ್ಕೂ ಇರುವ ಸಂಬಂಧ ನಿರ್ಧರಿಸುತ್ತದೆ.

ತೇಲುವ ಇಟ್ಟಿಗೆ ತೇರ್ ಗ್ರಾಮದ ಸೊತ್ತು ಮಾತ್ರವಲ್ಲ. ಕಾಕತೀಯರ ಕಾಲದಲ್ಲಿ, 1213ರಲ್ಲಿ, ಇಂದಿನ ತೆಲಂಗಾಣದ ಪಾಲಂಪೇಟೆಯಲ್ಲಿ ನಿರ್ಮಾಣಗೊಂಡ ರಾಮಪ್ಪ ದೇವಾಲಯದ ಶಿಖರವನ್ನು ಇಂತಹವೇ ಹಗುರ ಇಟ್ಟಿಗೆಗಳಿಂದ ಕಟ್ಟಲಾಗಿದೆ. ಕೆಳಗಿನ ಕಲ್ಲಿನ ಗೋಡೆಗಳ ಮೇಲೆ ಭಾರ ಕಡಿಮೆ ಬೀಳಲೆಂಬುದು ಅದರ ಉದ್ದೇಶ. 2021ರಲ್ಲಿ ಆ ದೇವಾಲಯ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ಇಟ್ಟಿಗೆ ನೀರಿನಲ್ಲಿ ತೇಲಬೇಕೆಂದು ಯಾರೂ ಅದನ್ನು ಮಾಡಲಿಲ್ಲ. ಗೋಡೆ ತಾಳಬೇಕೆಂದು ಮಾಡಿದರು. ತೇಲುವುದು ಆ ಜಾಣ್ಮೆಗೆ ನೀರು ಕೊಡುವ ಸಾಕ್ಷ್ಯ.

ಬರೆದಿಟ್ಟವರು, ಬರೆದಿಡದವರು

ತೇರ್ ಗ್ರಾಮದ ಇಟ್ಟಿಗೆಗಾರರು ತಮ್ಮ ವಿಧಾನವನ್ನು ಬರೆದಿಟ್ಟ ಗ್ರಂಥ ನಮಗೆ ದೊರೆತಿಲ್ಲ. ಕುಂಬಾರಿಕೆ ಆ ಊರಿನಲ್ಲಿ ಬಾಳಿದ್ದಂತೂ ನಿಜ. ವಾರಕರಿ ಪಂಥದ ಸಂತ ಗೋರಾ ಕುಂಬಾರ ತೇರ್ ಗ್ರಾಮದವರೇ. ಕುಂಬಾರನು ಮಡಕೆಯನ್ನು ಬಡಿದು ಅದು ಸುಟ್ಟಿದೆಯೋ ಹಸಿಯೋ ಎಂದು ತಿಳಿಯುವಂತೆ, ಅವರು ತಮ್ಮ ಹಲಗೆಯಿಂದ ಸಂತರ ತಲೆಗಳನ್ನು ಮೆಲ್ಲಗೆ ತಟ್ಟಿ ಪರೀಕ್ಷಿಸಿದರೆಂಬ ಕಥೆ ಮಹಾರಾಷ್ಟ್ರದ ಮನೆಮನೆಯಲ್ಲೂ ಪ್ರಚಲಿತವಾಗಿದೆ. ನಮ್ಮ ಶರಣರಲ್ಲೂ ಕುಂಬಾರ ಗುಂಡಯ್ಯನಿದ್ದಾನೆ. ಆತನ ಮೇಲೆ ಹರಿಹರ ರಗಳೆಯನ್ನು ರಚಿಸಿದ್ದಾನೆ. ಭಕ್ತಿಯ ಪರಂಪರೆ ಈ ಕುಂಬಾರರ ಹೆಸರುಗಳನ್ನು ಕಾಪಾಡಿತು. ಆದರೆ ಅವರ ಕುಲುಮೆಯ ವಿದ್ಯೆ ತಂದೆಯ ಕೈಯಿಂದ ಮಗನ ಕೈಗೆ ದಾಟುತ್ತಿದ್ದ ವಿದ್ಯೆ. ಕೈಗಳು ನಿಂತಾಗ ವಿದ್ಯೆಯೂ ನಿಂತಿತು. ಇಟ್ಟಿಗೆ ಉಳಿಯಿತು, ‘ಏಕೆ’ ಎಂಬುದು ಉಳಿಯಲಿಲ್ಲ.

ಕಾರಣವನ್ನು ಬರೆದಿಟ್ಟವರು ಬೇರೆ ನೆಲದವರು. ಕ್ರಿ.ಪೂ. ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಎರಡನೆಯ ಭಾಗದಲ್ಲಿ ಸ್ಪೇನಿನ ಎರಡು ಊರುಗಳಲ್ಲೂ ಏಷ್ಯಾ ಮೈನರಿನ ಪಿಟಾನೆಯಲ್ಲೂ ತಯಾರಾಗುವ ಇಟ್ಟಿಗೆಗಳು ಒಣಗಿದ ಮೇಲೆ ನೀರಿನಲ್ಲಿ ತೇಲುತ್ತವೆಂದು ಬರೆದಿದ್ದಾನೆ. ಅಲ್ಲಿನ ಮಣ್ಣು ನೊರೆಗಲ್ಲಿನಂತಹುದಾದ್ದರಿಂದ ಇಟ್ಟಿಗೆ ಹಗುರವೆಂದು ಕಾರಣವನ್ನೂ ಕೊಟ್ಟಿದ್ದಾನೆ. ಅದೇ ವಿಟ್ರೂವಿಯಸ್ ಅದೇ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಹೇಳಿದ ಇನ್ನೊಂದು ಕಥೆ ಇಂದು ಜಗತ್ತಿನ ಪ್ರತಿಯೊಂದು ಶಾಲೆಯಲ್ಲೂ ಕೇಳಿಬರುತ್ತದೆ. ಅದು ಆರ್ಕಿಮಿಡೀಸನ ಮತ್ತು ಚಿನ್ನದ ಕಿರೀಟದ ಕಥೆ.

ಸಿಸಿಲಿ ದ್ವೀಪದ ಸಿರಾಕ್ಯೂಸಿನ ದೊರೆ ಹಿಯೆರೋ ಮಾಡಿಸಿದ ಕಿರೀಟದಲ್ಲಿ ಅಕ್ಕಸಾಲಿಗನು ಬೆಳ್ಳಿಯನ್ನು ಬೆರೆಸಿದ್ದಾನೆಯೇ ಎಂಬುದು ಪ್ರಶ್ನೆ. ತೂಕ ಸರಿಯಾಗಿದೆ, ಕಿರೀಟವನ್ನು ಕರಗಿಸುವಂತಿಲ್ಲ. ಸ್ನಾನದ ತೊಟ್ಟಿಗೆ ಇಳಿದ ಆರ್ಕಿಮಿಡೀಸನು ತನ್ನ ದೇಹ ಒಳಗೆ ಹೋದಷ್ಟೂ ನೀರು ಹೊರಚೆಲ್ಲುವುದನ್ನು ಕಂಡನು. ಒಂದು ಕಿಲೋ ಶುದ್ಧ ಚಿನ್ನ ಸುಮಾರು 52 ಘನ ಸೆಂಟಿಮೀಟರು ಜಾಗವನ್ನು ಆಕ್ರಮಿಸಿದರೆ, ಒಂದು ಕಿಲೋ ಬೆಳ್ಳಿಗೆ ಸುಮಾರು 95 ಘನ ಸೆಂಟಿಮೀಟರು ಬೇಕು. ಆದ್ದರಿಂದ ಬೆಳ್ಳಿ ಬೆರೆತ ಕಿರೀಟ ಅಷ್ಟೇ ತೂಕದ ಚಿನ್ನದ ಗಟ್ಟಿಗಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತದೆ. ಕಥೆ ಸ್ವಾರಸ್ಯವಾಗಿದೆ. ಆದರೆ ತೇಲುವುದರ ನಿಯಮ ಆ ಕಥೆಯಲ್ಲಿಲ್ಲ. ಅದು ಆರ್ಕಿಮಿಡೀಸನು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಬರೆದ ‘ತೇಲುವ ಕಾಯಗಳು’ ಎಂಬ ಗ್ರಂಥದಲ್ಲಿದೆ. ನೀರಿನಲ್ಲಿಟ್ಟ ಯಾವುದೇ ವಸ್ತುವನ್ನು ನೀರು ಮೇಲಕ್ಕೆ ಒತ್ತುತ್ತದೆ. ಆ ಒತ್ತು ವಸ್ತುವು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ಸಮ. ವಸ್ತುವಿನ ತೂಕ ಇದಕ್ಕಿಂತ ಹೆಚ್ಚಾದರೆ ಅದು ಮುಳುಗುತ್ತದೆ. ಕಡಿಮೆಯಾದರೆ ಮೇಲೇರಿ, ತನ್ನ ತೂಕಕ್ಕೆ ಸಮನಾದ ನೀರನ್ನು ಸರಿಸುವಷ್ಟು ಭಾಗ ಮಾತ್ರ ಮುಳುಗಿ ನಿಲ್ಲುತ್ತದೆ.

ಬರೆದಿಟ್ಟದ್ದೂ ಸುಲಭವಾಗಿ ಉಳಿಯಲಿಲ್ಲ. 1269ರಲ್ಲಿ ಮೋರ್ಬೆಕೆಯ ವಿಲಿಯಂ ಮಾಡಿದ ಲ್ಯಾಟಿನ್ ಅನುವಾದದ ಮೂಲಕವೇ ಯೂರೋಪು ಈ ಗ್ರಂಥವನ್ನು ಶತಮಾನಗಳ ಕಾಲ ಓದಿತು. ಗ್ರೀಕ್ ಮೂಲ ಕಣ್ಮರೆಯಾಗಿತ್ತು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಅವರು ಕಾನ್‌ಸ್ಟಾಂಟಿನೋಪಲಿನಲ್ಲಿದ್ದ ಹಳೆಯ ಪ್ರಾರ್ಥನಾ ಪುಸ್ತಕವೊಂದನ್ನು ಪರೀಕ್ಷಿಸಿದಾಗ, ಅದರ ಚರ್ಮದ ಹಾಳೆಗಳಲ್ಲಿ ಹಿಂದಿನ ಬರಹವನ್ನು ಕೆರೆದು ಅಳಿಸಿ ಮೇಲೆ ಪ್ರಾರ್ಥನೆಗಳನ್ನು ಬರೆದಿರುವುದು ತಿಳಿಯಿತು. ಅಳಿಸಿದ ಬರಹ ಆರ್ಕಿಮಿಡೀಸನದು. ಅದರಲ್ಲಿ ‘ತೇಲುವ ಕಾಯಗಳು’ ಗ್ರಂಥದ ಗ್ರೀಕ್ ಪಾಠವಿತ್ತು. ಮಸುಕಾದರೂ ಬರಹವಿದ್ದುದರಿಂದ ಆ ‘ಏಕೆ’ ಮರಳಿ ದೊರೆಯಿತು.

ಜನರ ಮಾತಿನಲ್ಲಿ ವಿಜ್ಞಾನ

ನಿಯಮ ತಿಳಿದ ಮಾತ್ರಕ್ಕೆ ವಿವಾದ ತೀರಲಿಲ್ಲ. ಆರ್ಕಿಮಿಡೀಸನಿಗಿಂತ ಮೊದಲೇ ಅರಿಸ್ಟಾಟಲನು ವಸ್ತುವಿನ ಆಕಾರವನ್ನು ಎತ್ತಿ ಹೇಳಿದ್ದನು: ಅಗಲವಾದ ಕಬ್ಬಿಣದ ತಗಡು ನೀರಿನ ಮೇಲೆ ನಿಲ್ಲುತ್ತದೆ, ಅದಕ್ಕಿಂತ ಹಗುರವಾದ ಸೂಜಿ ಮುಳುಗುತ್ತದೆ ಎಂಬುದು ಅವನ ವಾದ. ಸಾವಿರದ ಒಂಬೈನೂರಕ್ಕೂ ಹೆಚ್ಚು ವರ್ಷಗಳ ಅನಂತರ, 1611ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಈ ವಾದವೇ ಮತ್ತೆ ತಲೆಯೆತ್ತಿತು. ಮಂಜುಗಡ್ಡೆ ನೀರಿನ ಮೇಲೆ ತೇಲುವುದು ಅದರ ಚಪ್ಪಟೆ ಆಕಾರದಿಂದ ಎಂದು ಅರಿಸ್ಟಾಟಲನ ಅನುಯಾಯಿಗಳು ವಾದಿಸಿದರು. ಮಂಜುಗಡ್ಡೆ ನೀರಿಗಿಂತ ವಿರಳವಾದುದರಿಂದ ಯಾವ ಆಕಾರದಲ್ಲಿದ್ದರೂ ತೇಲುತ್ತದೆ ಎಂದು ಗೆಲಿಲಿಯೋ ಉತ್ತರಿಸಿದನು. ನಮ್ಮ ಸೀಮೆಯಲ್ಲಿ ಅಕಾಲದ ಮಳೆಯೊಡನೆ ಬೀಳುವ ಆಣೆಕಲ್ಲನ್ನು ನೆನೆಯಿರಿ. ದುಂಡಗಿರುವ ಆ ಕಲ್ಲು ಅಂಗಳದ ನೀರಿನಲ್ಲಿ ತೇಲುತ್ತದೆ. ಗೆಲಿಲಿಯೋನ ಪಕ್ಷಕ್ಕೆ ಇಷ್ಟು ಸಾಕ್ಷ್ಯ ಸಾಕು.

ಎದುರಾಳಿಗಳೂ ಸುಮ್ಮನಿರಲಿಲ್ಲ. ನೀರಿಗಿಂತ ಭಾರವಾದ ಕರಿಮರದ ತೆಳುವಾದ ಚಕ್ಕೆಯನ್ನು ನೀರಿನ ಮೇಲೆ ಮೆಲ್ಲಗೆ ಇಟ್ಟು ಅದು ನಿಲ್ಲುವುದನ್ನು ತೋರಿಸಿದರು. ಇಂದು ನಮ್ಮ ಮಕ್ಕಳು ಒಣಗಿದ ಸೂಜಿಯನ್ನು ಬಟ್ಟಲಿನ ನೀರಿನ ಮೇಲೆ ಜೋಪಾನವಾಗಿ ಮಲಗಿಸಿ ಇದನ್ನೇ ಮಾಡಬಹುದು. ಇಲ್ಲಿ ಕೆಲಸ ಮಾಡುವುದು ತೇಲುವಿಕೆಯ ನಿಯಮಕ್ಕಿಂತ ಬೇರೆಯಾದ, ನೀರಿನ ಮೇಲ್ಪದರದ ಬಿಗಿತ. ಒಮ್ಮೆ ಪೂರ್ಣವಾಗಿ ನೆನೆದರೆ ಸೂಜಿಯೂ ಚಕ್ಕೆಯೂ ತಳ ಸೇರುತ್ತವೆ.

ಈ ವಿವಾದದ ಕುರಿತು 1612ರಲ್ಲಿ ಗೆಲಿಲಿಯೋ ಒಂದು ಪುಸ್ತಕವನ್ನು ಪ್ರಕಟಿಸಿದನು. ಅಂದಿನ ವಿದ್ವಾಂಸರ ಭಾಷೆ ಲ್ಯಾಟಿನ್. ಅವನು ಬರೆದದ್ದು ಜನರ ಆಡುಮಾತಾದ ಇಟಾಲಿಯನ್ ಭಾಷೆಯಲ್ಲಿ. ಗಡಿಯಾಚೆಯ ನೆಲದಲ್ಲಿ ಕನ್ನಡ ಮಾಧ್ಯಮದ ಶಾಲೆಯನ್ನು ನಡೆಸುವ ನಮಗೆ ಈ ಸಂಗತಿ ಬಹಳ ಮುಖ್ಯವಾಗಿ ತೋರುತ್ತದೆ. ಕಾರಣವನ್ನು ಅರಿಯುವ ಹಕ್ಕು ಎಲ್ಲರದಾಗಬೇಕಾದರೆ ಅದು ಮನೆಯ ಮಾತಿನಲ್ಲಿ ದೊರೆಯಬೇಕು.

ನಮ್ಮ ಹೊಳೆಗಳು, ನಮ್ಮ ಹೊಲಗಳು

ಮನೆಯ ಮಾತಿನಲ್ಲಿ ಈ ವಿದ್ಯೆಗೆ ಪದಗಳ ಕೊರತೆಯಿಲ್ಲ. ಗುಂಡು ಮುಳುಗುವುದು, ಬೆಂಡು ತೇಲುವುದು ಎಂಬ ತಿಳಿವಳಿಕೆ ಕನ್ನಡದ ಮಗುವಿಗೆ ಮಾತಿನೊಡನೆಯೇ ಬರುತ್ತದೆ. ಹರಿಗೋಲು ಎಂಬ ಪದವನ್ನೇ ನೋಡಿ. ಬಿದಿರಿನ ಸೀಳುಗಳಿಂದ ಬುಟ್ಟಿ ಹೆಣೆದು ಹೊರಗೆ ಚರ್ಮವನ್ನು ಹೊದಿಸಿದ ಈ ದುಂಡು ದೋಣಿ ಶತಮಾನಗಳಿಂದ ನಮ್ಮ ನದಿಗಳನ್ನು ದಾಟಿಸಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತಹ ಈ ದೋಣಿಗಳನ್ನು ಕಂಡು, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಅಗತ್ಯಬಿದ್ದರೆ ಕುದುರೆ ಎತ್ತುಗಳೂ ದಾಟುತ್ತವೆ, ದೋಣಿ ಸುತ್ತುತ್ತಲೇ ಸಾಗುತ್ತದೆ ಎಂದು ಬರೆದನು. ಅದಕ್ಕೂ ಎರಡು ಸಾವಿರ ವರ್ಷ ಮೊದಲು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬ್ಯಾಬಿಲೋನಿಗೆ ಹೊಳೆಯಲ್ಲಿ ಇಳಿದು ಬರುತ್ತಿದ್ದ ಚರ್ಮದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಪ್ರತಿ ದೋಣಿಯಲ್ಲೂ ಒಂದು ಕತ್ತೆಯಿರುತ್ತಿತ್ತಂತೆ. ಸರಕನ್ನು ಮಾರಿದ ಮೇಲೆ ಚರ್ಮವನ್ನು ಅದರ ಬೆನ್ನಿಗೆ ಹೇರಿ ಕಾಲುದಾರಿಯಲ್ಲಿ ಊರಿಗೆ ಮರಳುತ್ತಿದ್ದರು.

ಹರಿಗೋಲಿನವನು ಆರ್ಕಿಮಿಡೀಸನನ್ನು ಓದಿದವನಲ್ಲ. ಆದರೆ ಎಷ್ಟು ಜನ ಹತ್ತಿದರೆ ಅಂಚು ಎಷ್ಟು ಇಳಿಯುತ್ತದೆಂಬುದು ಅವನಿಗೆ ಕಣ್ಣಳತೆಯಲ್ಲಿ ಗೊತ್ತು. ತಳ ಚಪ್ಪಟೆಯಾಗಿ ಎರಡು ಮೀಟರು ವ್ಯಾಸವಿರುವ ಹರಿಗೋಲನ್ನು ಊಹಿಸಿಕೊಳ್ಳೋಣ. ಅದರ ತಳದ ವಿಸ್ತೀರ್ಣ 3.14 ಚದರ ಮೀಟರು. ಅದು ಇಪ್ಪತ್ತು ಸೆಂಟಿಮೀಟರು ಮುಳುಗಿದಾಗ ಸುಮಾರು 628 ಲೀಟರು ನೀರನ್ನು ಸರಿಸುತ್ತದೆ. ಅಂದರೆ ದೋಣಿಯೂ ಜನರೂ ಸೇರಿ 628 ಕಿಲೋ ಭಾರವನ್ನು ನೀರು ಹೊತ್ತಿದೆಯೆಂದು ಅರ್ಥ. ಐವತ್ತೈದು ಕಿಲೋ ತೂಕದ ಇನ್ನೊಬ್ಬ ಹತ್ತಿದರೆ ಅದು ಮತ್ತೆ ಒಂದೂಮುಕ್ಕಾಲು ಸೆಂಟಿಮೀಟರು ಇಳಿಯುತ್ತದೆ. ‘ಇನ್ನೊಬ್ಬರಿಗೆ ಏನಾದೀತು’ ಎಂಬ ಮಾತಿಗೆ ಉತ್ತರ ಇಲ್ಲಿದೆ. ಸಮುದ್ರದ ಹಡಗುಗಳ ಮೇಲೆ ಭಾರದ ಮಿತಿಯ ಗೆರೆಯನ್ನು ಬರೆಯಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1876ರಲ್ಲಿ, ಸ್ಯಾಮ್ಯುಯಲ್ ಪ್ಲಿಮ್ಸಾಲ್ ಎಂಬ ಸಂಸದನ ದೀರ್ಘ ಹೋರಾಟದ ಅನಂತರ. ಹೆಚ್ಚು ಭಾರ ಹೇರಿ ಹಡಗನ್ನೂ ನಾವಿಕರನ್ನೂ ಮುಳುಗಿಸುತ್ತಿದ್ದವರ ಕೈಯನ್ನು ಆ ಒಂದು ಗೆರೆ ಹಿಡಿಯಿತು.

ಹೊಲದಲ್ಲಿಯೂ ಇದೇ ನಿಯಮ ಕೆಲಸ ಮಾಡುತ್ತದೆ. ಸಜ್ಜೆಯ ಬೀಜದೊಡನೆ ಅರ್ಗಟ್ ರೋಗದ ಗಟ್ಟಿಗಳು ಬೆರೆತಿದ್ದರೆ ಅವನ್ನು ಬೇರ್ಪಡಿಸಲು ಕೃಷಿ ತಜ್ಞರು ಉಪ್ಪುನೀರಿನ ಉಪಚಾರವನ್ನು ಹೇಳುತ್ತಾರೆ. ಹತ್ತು ಲೀಟರು ನೀರಿಗೆ ಎರಡು ಕಿಲೋ ಉಪ್ಪನ್ನು ಕರಗಿಸಿ ಬೀಜವನ್ನು ಸುರಿದು ಕಲಕಿದರೆ ರೋಗದ ಗಟ್ಟಿಗಳೂ ಜೊಳ್ಳೂ ಮೇಲೆ ತೇಲುತ್ತವೆ. ಗಟ್ಟಿಬೀಜ ತಳದಲ್ಲಿ ಉಳಿಯುತ್ತದೆ. ಮೇಲಿನದನ್ನು ತೆಗೆದುಹಾಕಿ, ತಳದ ಬೀಜವನ್ನು ಸಿಹಿನೀರಿನಲ್ಲಿ ಎರಡು ಮೂರು ಬಾರಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಇಲ್ಲಿ ಬೀಜ ಬದಲಾಗಲಿಲ್ಲ, ನೀರು ಬದಲಾಯಿತು. ಉಪ್ಪು ಕರಗಿದ ಆ ನೀರು ಒಂದು ಘನ ಸೆಂಟಿಮೀಟರಿಗೆ ಸುಮಾರು 1.12 ಗ್ರಾಮ್ ತೂಗುವುದರಿಂದ, ಸಿಹಿನೀರಿನಲ್ಲಿ ಮುಳುಗುವ ಜೊಳ್ಳು ಇಲ್ಲಿ ತೇಲುತ್ತದೆ. ತೇಲುವುದು ಮುಳುಗುವುದು ವಸ್ತುವೊಂದರ ಗುಣವಲ್ಲ, ವಸ್ತುವಿಗೂ ದ್ರವಕ್ಕೂ ನಡುವಿನ ಹೋಲಿಕೆ ಎಂಬುದಕ್ಕೆ ರೈತನ ಮಗುವಿಗೆ ಇದಕ್ಕಿಂತ ಸಮೀಪದ ಉದಾಹರಣೆ ಸಿಗಲಾರದು.

ಇನ್ನು ಬಾವಿಗಳು. ನಮ್ಮ ಕಡೆ ಈಸು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಕಟ್ಟುವುದು ಹಿರಿಯರ ಪದ್ಧತಿ. ಐದು ಲೀಟರು ಗಾತ್ರದ ಬುರುಡೆ ಅರ್ಧ ಕಿಲೋ ತೂಗಿದರೆ, ಅದು ಪೂರ್ಣ ಮುಳುಗಿದಾಗ ನಾಲ್ಕೂವರೆ ಕಿಲೋ ಭಾರವನ್ನು ಎತ್ತಿ ಹಿಡಿಯಬಲ್ಲದು. ಮನುಷ್ಯನ ದೇಹ ನೀರಿಗೆ ಬಹುಮಟ್ಟಿಗೆ ಸಮತೂಕದ್ದು. ಶ್ವಾಸಕೋಶದ ತುಂಬ ಗಾಳಿಯಿದ್ದರೆ ಅದು ತೇಲುತ್ತದೆ. ಗಾಳಿ ಬಿಟ್ಟರೆ ಮೆಲ್ಲಗೆ ಇಳಿಯುತ್ತದೆ. ಆದ್ದರಿಂದ ಮೂಗು ಬಾಯಿಗಳನ್ನು ನೀರಿನಿಂದ ಮೇಲೆ ಇಡಲು ಆ ಸಣ್ಣ ನೆರವೇ ಸಾಕಾಗುತ್ತದೆ. ನೀರಿಗೆ ಬಿದ್ದವನು ಗಾಬರಿಯಿಂದ ಎರಡೂ ಕೈಗಳನ್ನು ಮೇಲೆತ್ತಿದರೆ, ನೀರಿನಿಂದ ಹೊರಬಂದ ಕೈಗಳ ಭಾರವನ್ನು ನೀರು ಹೊರುವುದಿಲ್ಲ. ಆ ಭಾರ ತಲೆಯನ್ನು ಕೆಳಕ್ಕೆ ಒತ್ತುತ್ತದೆ. ಎದೆ ತುಂಬ ಉಸಿರು ಹಿಡಿದು, ಕೈಗಳನ್ನು ನೀರಿನೊಳಗೇ ಚಾಚಿ, ಮುಖವನ್ನು ಆಕಾಶಕ್ಕೆ ಮಾಡಿ ಮಲಗಿದರೆ ನೀರು ಹೊರುತ್ತದೆ. ಪ್ರತಿ ವರ್ಷ ಬಾವಿ, ಕೆರೆ, ಕೃಷಿಹೊಂಡಗಳಲ್ಲಿ ಮಕ್ಕಳ ಪ್ರಾಣ ಹೋದ ಸುದ್ದಿಯನ್ನು ಓದುವಾಗ, ಆರ್ಕಿಮಿಡೀಸನ ನಿಯಮ ಅಂಕಗಳಿಗಷ್ಟೇ ಅಲ್ಲ, ಪ್ರಾಣಕ್ಕೂ ಸಂಬಂಧಿಸಿದ್ದೆಂಬುದು ಮನಸ್ಸಿಗೆ ನಾಟುತ್ತದೆ. ಈಸು ಗಂಡುಮಕ್ಕಳ ವಿದ್ಯೆಯೆಂದು ಹೆಣ್ಣುಮಕ್ಕಳನ್ನು ದಡದ ಮೇಲೆ ನಿಲ್ಲಿಸುವ ರೂಢಿಯನ್ನೂ ನಾವು ಬಿಡಬೇಕಾಗಿದೆ. ನೀರು ಆ ಭೇದವನ್ನು ಮಾಡುವುದಿಲ್ಲ. ಹಿರಿಯರ ಕಾವಲಿನಲ್ಲಿ, ಬುರುಡೆಯ ನೆರವಿನೊಡನೆ ಎಲ್ಲ ಮಕ್ಕಳೂ ಈಸು ಕಲಿಯಲಿ.

ಘನತೆಯ ಮಾತು

ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಮಕ್ಕಳಿಗೆ ಈ ಪಾಠದಲ್ಲಿ ಒಂದು ಸ್ವಾರಸ್ಯ ಕಾದಿರುತ್ತದೆ. ಬಾಲಭಾರತಿಯ ಕನ್ನಡ ಪಠ್ಯದಲ್ಲಿ ‘ಸಾಂದ್ರತೆ’ ಎಂದು ಓದುವುದನ್ನೇ ನೆರೆಯ ಮರಾಠಿ ಶಾಲೆಯ ಗೆಳೆಯರು ‘ಘನತಾ’ ಎಂದು ಓದುತ್ತಾರೆ. ಕನ್ನಡದಲ್ಲಿ ಘನತೆಯೆಂದರೆ ಗೌರವ, ದೊಡ್ಡತನ. ಘನತೆ ಹೆಚ್ಚಿದ್ದುದು ಮುಳುಗುತ್ತದೆ, ಕಡಿಮೆಯಿದ್ದುದು ತೇಲುತ್ತದೆ ಎಂದು ಮರಾಠಿ ಪಾಠವನ್ನು ಕನ್ನಡದ ಕಿವಿಯಿಂದ ಕೇಳಿದ ಮಗು ನಕ್ಕರೆ ಅದು ತಪ್ಪಲ್ಲ. ಆ ನಗುವಿನಿಂದಲೇ ಪಾಠವನ್ನು ಆರಂಭಿಸಬಹುದು. ಎರಡು ಪದಗಳನ್ನೂ ಬಲ್ಲ ಮಗುವಿಗೆ ಪದವೇ ಜ್ಞಾನವಲ್ಲವೆಂಬುದು, ಪದದ ಹಿಂದಿರುವ ಅಳತೆ ಜ್ಞಾನವೆಂಬುದು ಬೇಗ ಹೊಳೆಯುತ್ತದೆ. ಗಡಿನಾಡಿನ ಮಗುವಿಗೆ ಇದು ಕೊರತೆಯಲ್ಲ, ಸವಲತ್ತು.

ತೇರ್ ಗ್ರಾಮದ ಇಟ್ಟಿಗೆ ನಮಗೆ ಹೇಳುವ ಮಾತು ಇಷ್ಟೇ ಎಂದು ನಾವು ಭಾವಿಸುತ್ತೇವೆ. ವಸ್ತು ಉಳಿದ ಮಾತ್ರಕ್ಕೆ ವಿದ್ಯೆ ಉಳಿಯುವುದಿಲ್ಲ. ಮಾಡುವ ಕೈ, ಕೇಳುವ ಮನಸ್ಸು, ಬರೆದಿಡುವ ಅಕ್ಷರ ಮೂರೂ ಕೂಡಿದಲ್ಲಿ ವಿದ್ಯೆ ತಲೆಮಾರುಗಳನ್ನು ದಾಟುತ್ತದೆ. ಕುಂಬಾರನ ಕೈಯಲ್ಲಿ ಅನುಭವವಿತ್ತು, ಅದನ್ನು ಅಕ್ಷರಕ್ಕಿಳಿಸುವ ಶಾಲೆ ಅವನಿಗೆ ತೆರೆದಿರಲಿಲ್ಲ. ಇಂದು ಆ ಕುಂಬಾರನ, ರೈತನ, ಹರಿಗೋಲಿನವನ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿದ್ದಾರೆ. ನೂರು ವರ್ಷಗಳ ಹಿಂದೆ ಈ ಶಾಲೆಯ ಬಾಗಿಲನ್ನು ತೆರೆದವರು ಮಾಡಿದ ದೊಡ್ಡ ಕೆಲಸ ಇದೇ.

ಮುಂದಿನ ವರ್ಷಗಳಲ್ಲಿ ನಮ್ಮ ವಿಜ್ಞಾನದ ಕೋಣೆಯಲ್ಲಿ ಒಂದು ತಕ್ಕಡಿ, ಒಂದು ಅಳತೆಯ ಪಾತ್ರೆ, ಊರಿನ ರಂಧ್ರದ ಕಲ್ಲು, ಇಟ್ಟಿಗೆಯ ಚೂರು, ಸೋರೆಬುರುಡೆ, ಒಂದು ಹಿಡಿ ಉಪ್ಪು ಸದಾ ಮೇಜಿನ ಮೇಲಿರಲಿ. ಯಾವುದು ತೇಲೀತು, ಯಾವುದು ಮುಳುಗೀತು ಎಂದು ಮಕ್ಕಳು ಮೊದಲು ಊಹಿಸಲಿ, ಆಮೇಲೆ ತೂಗಲಿ, ಕೊನೆಗೆ ನೀರಿಗೆ ಹಾಕಿ ನೋಡಲಿ. ಕಂಡದ್ದನ್ನು ತಮ್ಮ ಕನ್ನಡದಲ್ಲಿ ಬರೆದಿಡಲಿ. ತೇರ್ ಗ್ರಾಮಕ್ಕೆ ಪ್ರವಾಸ ಹೋದಾಗ ದೇವರಿಗೆ ಕೈಮುಗಿದ ಅವರ ಕಣ್ಣುಗಳು ಗೋಡೆಯ ಇಟ್ಟಿಗೆಯ ಕಡೆಗೂ ಹೊರಳಲಿ, ಅದನ್ನು ಸುಟ್ಟ ಹೆಸರಿಲ್ಲದ ಗುರುವನ್ನೂ ನೆನೆಯಲಿ ಎಂದು ಈ ಶತಮಾನೋತ್ಸವದ ಶುಭಸಂದರ್ಭದಲ್ಲಿ ಮನಸಾರೆ ಹಾರೈಸುತ್ತೇವೆ.